ಸಬ್ಬಕ್ಕಿಯ ಹೊಟ್ಟೆಗೆ ಒಗ್ಗಿದ್ದು

ಒಂದಾನೊಂದು ಊರಿನಲ್ಲಿ ಮೂರೂವರೆ ಬೀದಿಗಳಿದ್ದವು. ಉಳಿದ ಅರ್ಧ ಬೀದಿಯನ್ನು ಹಿಂದಿನ ಅರಸ ಮುಂದಿನ ಅರಸನಿಗೆ ಬಿಟ್ಟುಹೋಗಿದ್ದ. ಅವನು ತನ್ನ ಮುಂದಿನವನಿಗೆ ಬಿಟ್ಟಿದ್ದ. ಆ ಊರಿನಲ್ಲಿ ಬೆಕ್ಕು ಉಣ್ಣದೆ ಯಾರೂ ಉಣ್ಣುವಂತಿರಲಿಲ್ಲ. ನಗಬೇಡಿ. ನಕ್ಕರೆ ಕತೆ ಆ ಅರ್ಧ ಬೀದಿಯಲ್ಲೇ ನಿಂತುಬಿಡುತ್ತದೆ.

ಈ ಕಾನೂನಿಗೆ ಕಾರಣ ಒಂದು ಹಲಸಿನ ತೊಳೆ. ಅರಸ ಅದನ್ನು ತಿಂದ, ಅವನಿಗೆ ಹೊಟ್ಟೆನೋವು ಬಂತು. ಅಂದಿನಿಂದ ಅರಮನೆಯ ಅಡುಗೆಯ ಮೊದಲ ತುತ್ತು ಬೆಕ್ಕಿಗೆ. ಒಂದು ಊದುಬತ್ತಿ ಉರಿದು ಮುಗಿಯುವವರೆಗೆ ಆ ತುತ್ತು ಬೆಕ್ಕಿನ ಹೊಟ್ಟೆಯಲ್ಲಿ ನಿಂತರೆ ಗಂಟೆ ಬಾರಿಸಬೇಕು. ಗಂಟೆ ಬಾರಿಸಿದ ಮೇಲೆ ಅರಸ ಉಣ್ಣಬೇಕು. ಅರಸ ಉಂಡ ಮೇಲೆ ಊರು ಉಣ್ಣಬೇಕು.

ಬೆಕ್ಕಿನ ಹೆಸರು ಸಬ್ಬಕ್ಕಿ. ಅದಕ್ಕೆ ಬೇಯಿಸಿ ಉಣಿಸುವವಳು ನೀಲಗಂಗವ್ವ. ಅದು ಇನ್ನೂ ಕಣ್ಣು ಬಿಡದ ಮರಿಯಾಗಿದ್ದಾಗ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಉಳಿಸಿಕೊಂಡವಳೂ ಅವಳೇ.

ಒಂಬತ್ತು ವರ್ಷ ಗಂಟೆ ತಪ್ಪದೆ ಬಾರಿಸಿತು. ಹತ್ತನೆಯ ವರ್ಷ ಮಂತ್ರಿ ಅಡುಗೆಮನೆ ನೋಡಲು ಬಂದ. ಆ ಹೊತ್ತಿಗೆ ನೀಲಗಂಗವ್ವ ಸೌಟಿನಿಂದ ಒಂದು ಹನಿ ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು.

"ಏನದು?"

"ಉಪ್ಪು ನೋಡಿದೆ, ಧಣಿ."

"ಬೆಕ್ಕಿಗಿಂತ ಮೊದಲು ಉಂಡೆ ಅನ್ನು."

"ಉಣ್ಣಲಿಲ್ಲ ಧಣಿ, ನಾಲಿಗೆಗೆ ತಾಗಿಸಿದೆ. ಉಪ್ಪು ನೋಡದೆ ಅಡುಗೆ ಹೇಗೆ ಮಾಡಲಿ?"

ಮಂತ್ರಿ ದಯಾಳು. ಒಂಬತ್ತು ವರ್ಷದ ಅಪರಾಧವನ್ನು ಮನ್ನಿಸಿದ. ಆದರೆ ಅವಳ ಬಾಯಿಗೆ ಬಟ್ಟೆ ಕಟ್ಟಿಸಿ, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿದ. ನೀರು ಕುಡಿಯುವಷ್ಟು, ಮಾತಾಡುವಷ್ಟು ಸಡಿಲ ಬಿಟ್ಟಿದ್ದ. ಉಪ್ಪು ನೋಡುವಷ್ಟು ಬಿಟ್ಟಿರಲಿಲ್ಲ.

ಮರುದಿನ ಸಬ್ಬಕ್ಕಿ ಮೊದಲ ತುತ್ತನ್ನು ವಾಂತಿ ಮಾಡಿತು. ಗಂಟೆ ಬಾರಿಸಲಿಲ್ಲ.

ಹಾಲು ಕೊಟ್ಟರು, ನಿಲ್ಲಲಿಲ್ಲ. ಮೀನು ಕೊಟ್ಟರು, ನಿಲ್ಲಲಿಲ್ಲ. ಗಂಜಿಯ ತಿಳಿ ಕೊಟ್ಟರು, ಅದೂ ನಿಲ್ಲಲಿಲ್ಲ. ಊರು ನೀರು ಕುಡಿದು ಮಲಗಿತು. ಅರಸ ಮಾತ್ರ ದ್ರಾಕ್ಷಿ, ಬಾದಾಮಿ ತಿನ್ನುತ್ತಿದ್ದ. ಅದು ಊಟವಲ್ಲ, ಯೋಚನೆ ಎಂದು ಕಾನೂನಿನಲ್ಲಿತ್ತು.

ಮೂರನೆಯ ದಿನ ಬೆಕ್ಕಿನ ಒಳಗಿನಿಂದ ಒಂದು ದನಿ ಬಂತು: "ನನ್ನನ್ನು ಯಾರೂ ಕೇಳಲೇ ಇಲ್ಲ."

"ನೀನು ಯಾರು?" ಎಂದ ಅರಸ.

"ಹೊಟ್ಟೆ. ಬೆಕ್ಕು ಬೇರೆ, ನಾನು ಬೇರೆ. ಅದು ಹಸಿದಿದೆ, ನಾನು ಒಪ್ಪುತ್ತಿಲ್ಲ."

"ನಿನಗೆ ಏನು ಒಗ್ಗುತ್ತದೆ?"

"ಎಂಜಲು. ಒಬ್ಬರು ಮೊದಲು ತಿಂದದ್ದು ಮಾತ್ರ. ಒಂಬತ್ತು ವರ್ಷ ನೀಲಗಂಗವ್ವನ ನಾಲಿಗೆಗೆ ತಾಗಿದ್ದನ್ನು ತಿಂದು ಸುಖವಾಗಿದ್ದೆ."

ನೀಲಗಂಗವ್ವ ಬಟ್ಟೆಯ ಒಳಗಿನಿಂದಲೇ ಅಂದಳು: "ಈ ಗಂಟು ಬಿಚ್ಚಿಸಿ, ಧಣಿ. ಒಂದು ಹನಿ ಸಾಕು."

ಮಂತ್ರಿ ಅಡ್ಡಡ್ಡ ತಲೆಯಾಡಿಸಿದ. "ಬೆಕ್ಕು ಉಣ್ಣದೆ ಯಾರೂ ಉಣ್ಣುವಂತಿಲ್ಲ. ಯಾರೂ ಉಣ್ಣದೆ ಎಂಜಲು ಆಗುವುದಿಲ್ಲ. ಎಂಜಲು ಆಗದೆ ಬೆಕ್ಕು ಉಣ್ಣುವುದಿಲ್ಲ."

ಅರಸ ಆ ಮೂರು ವಾಕ್ಯಗಳನ್ನು ಎರಡು ಸಲ ಹೇಳಿಸಿಕೊಂಡು ಕೇಳಿದ. "ಎಷ್ಟು ದುಂಡಗಿದೆ! ಎಲ್ಲೂ ಬಿರುಕಿಲ್ಲ," ಎಂದ.

ಆಮೇಲೆ ಕಾನೂನಿಗೆ ಒಪ್ಪುವ ಎಂಜಲನ್ನು ಹುಡುಕಿದರು. ಬೆಂಕಿಗೆ ಉಣಿಸಿದರು, ಬೂದಿ ಉಳಿಯಿತು. ಹೊಳೆಗೆ ಉಣಿಸಿದರು, ಹೊಳೆ ಏನನ್ನೂ ಬಿಡಲಿಲ್ಲ. ಗಿಳಿಗೆ ಉಣಿಸೋಣವೆಂದರೆ ಗಿಳಿ ಅರಸನ ಪ್ರಜೆ. ಅದು ವರ್ಷಕ್ಕೊಂದು ಗರಿಯ ಕಂದಾಯ ಕಟ್ಟುತ್ತಿತ್ತು.

ಆರನೆಯ ದಿನ ಮಂತ್ರಿ ಉತ್ತರ ಕಂಡುಹಿಡಿದ. "ಸತ್ತವರಿಗೆ ಎಡೆ ಇಡುತ್ತೇವೆ. ಅವರು ಬಂದು ಉಣ್ಣುತ್ತಾರೆ. ಉಂಡು ಬಿಟ್ಟದ್ದು ಎಂಜಲು. ಸತ್ತವರು ಪ್ರಜೆಗಳಲ್ಲ, ಕಾನೂನು ಅವರನ್ನು ಮುಟ್ಟುವುದಿಲ್ಲ. ಹಳಬರು ವರ್ಷಕ್ಕೊಮ್ಮೆ ಮಾತ್ರ ಬರುತ್ತಾರೆ, ಈ ವರ್ಷ ಬಂದು ಹೋಗಿಯೂ ಆಯಿತು. ಹೊಸಬರೊಬ್ಬರು ಬೇಕು."

ಊರಿನಲ್ಲಿ ಎಲ್ಲರಿಗಿಂತ ಹಿರಿಯಳು ಸಂಗವ್ವ, ನೀಲಗಂಗವ್ವನ ತಾಯಿ. ಸೋಮವಾರ ಸೂರ್ಯೋದಯಕ್ಕೆ ಸಾಯತಕ್ಕದ್ದು ಎಂದು ಅವಳ ಹೆಸರಿಗೆ ಓಲೆ ಬಂತು.

ಸಂಗವ್ವ ಓಲೆಯನ್ನು ಓದಿಸಿಕೊಂಡು ಕೇಳಿದಳು. "ಸೋಮವಾರವೇ? ಸೋಮವಾರ ನನ್ನ ಉಪವಾಸ, ಎಡೆ ಹೇಗೆ ಉಣ್ಣಲಿ? ಮಂಗಳವಾರಕ್ಕೆ ಇಟ್ಟುಕೊಳ್ಳಲು ಹೇಳು."

"ಸುಮ್ಮನಿರವ್ವ."

"ಯಾಕೆ ಸುಮ್ಮನಿರಲಿ? ಎಡೆಗೆ ಹೋಳಿಗೆ ಮಾಡು. ಬದುಕಿದ್ದಾಗ ಕೇಳಿದರೆ ಬೇಳೆ ಇಲ್ಲ ಅಂದೆ. ಈಗ ಅರಮನೆಯ ಬೇಳೆ."

ನೀಲಗಂಗವ್ವನಿಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಬಟ್ಟೆ ಎರಡಕ್ಕೂ ಬಿಗಿಯಾಗಿತ್ತು. ಅರಮನೆಯಿಂದ ಎತ್ತಿಕೊಂಡು ಬಂದಿದ್ದ ಸಬ್ಬಕ್ಕಿ ಅವಳ ಮಡಿಲಲ್ಲಿ ಮಲಗಿತ್ತು. ಅದರ ಭಾರ ಈಗ ಒಣಗಿದ ಒರೆಸುವ ಬಟ್ಟೆಯಷ್ಟೇ.

"ಸಂಗವ್ವನ ಎಡೆಯೂ ನನಗೆ ಒಗ್ಗುವುದಿಲ್ಲ," ಎಂದಿತು ಹೊಟ್ಟೆ. "ಆಕೆ ನನ್ನನ್ನು ಎಷ್ಟೋ ಸಲ ಸವರಿದ್ದಾಳೆ."

ಎಂಟನೆಯ ದಿನ, ಭಾನುವಾರ. ನೀಲಗಂಗವ್ವ ಅರಮನೆಯಿಂದ ಒಂದು ಬಟ್ಟಲು ಸಾರನ್ನು ಸೆರಗಿನಲ್ಲಿ ಮರೆಮಾಡಿ ಮನೆಗೆ ತಂದಳು. ಬಾಗಿಲು ಮುಚ್ಚಿದಳು. ಬಾಯಿಯ ಬಟ್ಟೆಯನ್ನು ಎರಡೂ ಕೈಗಳಿಂದ ಹಿಡಿದು ಎಳೆದಳು. ಅರಗು ಒಡೆಯಿತು. ಅಷ್ಟು ಸುಲಭವಾಗಿ ಒಡೆಯಿತು. ಸಬ್ಬಕ್ಕಿ ಹಸಿದ ಆ ಎಂಟು ದಿನವೂ ಅದು ಹಾಗೇ ಒಡೆಯುವಂತಿತ್ತು.

ಅವಳು ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು. ಉಪ್ಪು ಸರಿಯಾಗಿತ್ತು. ಉಳಿದದ್ದನ್ನು ಬೆರಳಿನಿಂದ ಬೆಕ್ಕಿನ ತುಟಿಗೆ ಹಚ್ಚಿದಳು.

"ಇದು. ಇದು ಒಗ್ಗುತ್ತದೆ," ಎಂದಿತು ಹೊಟ್ಟೆ.

ಬೆಕ್ಕು ನುಂಗಲಿಲ್ಲ. ನುಂಗುವ ಶಕ್ತಿ ಅದರಲ್ಲಿ ಉಳಿದಿರಲಿಲ್ಲ.

"ಕೊಡು. ನಾನು ಒಪ್ಪಿದ್ದೇನೆ, ಕೊಡು," ಎಂದಿತು ಹೊಟ್ಟೆ. ಸ್ವಲ್ಪ ಹೊತ್ತು ಅದೊಂದೇ ಮಾತನ್ನು ಹೇಳುತ್ತಿತ್ತು. ಆಮೇಲೆ ಅದೂ ಸುಮ್ಮನಾಯಿತು.

ಸೋಮವಾರ ಮಂತ್ರಿ ಬಂದಾಗ ಸಂಗವ್ವ ಬದುಕಿದ್ದಳು, ಬೆಕ್ಕು ಸತ್ತಿತ್ತು. ಅವನು ಗಾಬರಿಯಾಗಲಿಲ್ಲ. ಬೆಕ್ಕಿನ ಮುಂದೆ ಎಡೆ ಇಡಿಸಿ ಊದುಬತ್ತಿ ಹಚ್ಚಿದ. ಊದುಬತ್ತಿ ಉರಿದು ಮುಗಿಯಿತು.

"ಬೆಕ್ಕು ಉಂಡಿದೆ. ಉಂಡದ್ದು ನಿಂತಿದೆ," ಎಂದ.

ಗಂಟೆ ಬಾರಿಸಿತು. ಅರಸ ಉಂಡ. ಊರು ಉಂಡಿತು. ಸಂಗವ್ವನ ಓಲೆಯನ್ನು ಹಿಂದಕ್ಕೆ ಪಡೆದರು. ಅಂದಿನಿಂದ ಆ ಊರಿನಲ್ಲಿ ಗಂಟೆ ಒಂದು ದಿನವೂ ತಪ್ಪಿಲ್ಲ. ಲೋಕದ ಎಲ್ಲ ಬೆಕ್ಕುಗಳಿಗಿಂತ ಈ ಬೆಕ್ಕಿನ ಹೊಟ್ಟೆ ಗಟ್ಟಿ ಎಂದು ಅರಸ ಕಲ್ಲಿನಲ್ಲಿ ಕೆತ್ತಿಸಿದ.

ನೀಲಗಂಗವ್ವ ತುತ್ತೆತ್ತಿದಳು, ಒಳಗೆ ಇಳಿಯಲಿಲ್ಲ. ಮರುದಿನವೂ ಇಳಿಯಲಿಲ್ಲ. ಮೂರನೆಯ ದಿನ ಸಂಗವ್ವ ಮಗಳ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಒಂದು ತುತ್ತು ತಿಂದಳು. ತಿಂದು ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು.

"ಉಪ್ಪು ಸರಿಯಿದೆ. ಉಣ್ಣು."

ಅದು ನಿಂತಿತು.

ಕತೆಗೆ ನೀತಿ ಇರಬೇಕಂತೆ, ಹೇಳುತ್ತೇನೆ: ಒಳ್ಳೆಯ ಆಡಳಿತದಲ್ಲಿ ಎಲ್ಲರಿಗಿಂತ ಚೆನ್ನಾಗಿ ಅರಗಿಸಿಕೊಳ್ಳುವವರು ಸತ್ತವರು. ಇನ್ನು ಏಳಿ. ನಿಮ್ಮ ಊರಿನ ಗಂಟೆ ಬಾರಿಸಿದ್ದರೆ ಹೋಗಿ ಉಣ್ಣಿ. ಬಾರಿಸಿಲ್ಲವಾದರೆ ಹೋಗಿ ಉಪ್ಪು ನೋಡಿ.