ಇಟ್ಟು ಮರೆತ ಎಮ್ಮೆ

"ನನ್ನ ಹನ್ನೆರಡು ವರ್ಷದ ಕಾವಲಿನಲ್ಲಿ ಹೊಂಬಾಳಪುರದಲ್ಲಿ ಒಂದೇ ಒಂದು ಕಳ್ಳತನ ಆಗಿಲ್ಲ ಪ್ರಭು. ಬೇಕಾದರೆ ದೂರಿನ ಪುಸ್ತಕ ತೆರೆಸಿ ನೋಡಿ" ಎಂದು ಕೊತ್ವಾಲ ಭರಮಣ್ಣ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ರಾಜ ಪುಸ್ತಕ ತೆರೆಸಿದ. ನಿಜ, ಹಾಳೆಗಳೆಲ್ಲ ಖಾಲಿ.

ಊರಿನಲ್ಲಿ ಕಳ್ಳತನಕ್ಕೇನೂ ಬರವಿರಲಿಲ್ಲ. ಬರವಿದ್ದದ್ದು ಬರೆದುಕೊಳ್ಳುವುದಕ್ಕೆ. ಯಾರು ಏನು ಕಳೆದುಕೊಂಡು ಬಂದರೂ ಭರಮಣ್ಣನದು ಒಂದೇ ಮಾತು: "ಕಳವಾಗಿಲ್ಲ. ಎಲ್ಲೋ ಇಟ್ಟು ಮರೆತಿರ್ತೀರಿ. ಮನೆಗೆ ಹೋಗಿ ಸರಿಯಾಗಿ ಹುಡುಕಿ." ಚೆಂಬು ಹೋದವರಿಗೂ ಅದೇ ಮಾತು, ಮನೆಯ ಬಾಗಿಲೇ ಹೋದವರಿಗೂ ಅದೇ ಮಾತು.

ಮಜ್ಜಿಗೆ ಮಾರುವ ಸಂಕವ್ವನ ಎಮ್ಮೆ ಹೋದಾಗಲೂ ಹಾಗೇ ಆಯಿತು.

"ಎಮ್ಮೆನ ಎಲ್ಲಿ ಇಟ್ಟು ಮರೀಲಿ ಬುದ್ಧೀ? ಬೆಣ್ಣೆ ಗಡಿಗೆ ತೂಗುಹಾಕೋ ನೆಲುವಿನ ಮೇಲಾ?" ಎಂದು ಆಕೆ ಕೇಳಿದಳು.

"ಹುಡುಕಿದೆಯೇನು ಅಲ್ಲಿ?" ಎಂದ ಭರಮಣ್ಣ.

ಪಾಪ, ಆಕೆಗೆ ಇದ್ದದ್ದು ಅದೊಂದೇ ಎಮ್ಮೆ. ಮಜ್ಜಿಗೆ ನಿಂತಿತು, ಒಲೆಯೂ ಹೆಚ್ಚುಕಡಿಮೆ ನಿಂತಿತು. ಆ ರಾಜ್ಯದ ಕಟ್ಟಳೆ ಬೇರೆ ಹಾಗಿತ್ತು: ಪುಸ್ತಕದಲ್ಲಿ ದೂರು ಬಿದ್ದರೆ ಊರಿನ ಮನೆಮನೆಯನ್ನೂ ಶೋಧಿಸಬೇಕು, ಬೀಳದಿದ್ದರೆ ಯಾರ ಹೊಸ್ತಿಲನ್ನೂ ತುಳಿಯುವಂತಿಲ್ಲ. ಪುಸ್ತಕದಲ್ಲಿ ಬರೆಯುವ ಅಧಿಕಾರವೋ ಕೊತ್ವಾಲನೊಬ್ಬನದೇ.

ಆ ವರ್ಷ ರಾಜ ಹೊಸ ಪದ್ಧತಿ ತಂದಿದ್ದ. ಕೊತ್ವಾಲನನ್ನು ಊರಿನವರೇ ಆರಿಸಬೇಕು. ನಿಂತವರಿಗೆ ಒಂದೊಂದು ಗಡಿಗೆ, ಮನೆಗೊಂದು ಹುಣಸೆ ಬೀಜ. ಯಾರು ಬೇಕೋ ಅವರ ಗಡಿಗೆಗೆ ಹಾಕುವುದು.

"ನನ್ನ ಎದುರು ಯಾರು ನಿಲ್ತಾರೆ?" ಎಂದು ಭರಮಣ್ಣ ಸುತ್ತ ನೋಡಿದ. ಸಭೆಗೆ ಸಭೆಯೇ ನೆಲ ನೋಡಿತು.

"ನಾನು ನಿಲ್ತೀನಿ" ಎಂದಳು ಸಂಕವ್ವ. "ಹೆಂಗೂ ಹಾಲು ಕರೆಯೋ ಕೆಲಸ ಇಲ್ಲವಲ್ಲ."

ಎಲ್ಲರೂ ನಕ್ಕರು. ನಗದವನು ಒಬ್ಬನೇ, ರಾಜನ ಎಲೆಯಡಿಕೆ ಸಂಚಿ ಹಿಡಿಯುವ ಬೊಮ್ಮರಸ. ದಿನವೂ ಆಕೆಯ ಮಜ್ಜಿಗೆ ಕುಡಿದೇ ಅರಮನೆಗೆ ಬರುತ್ತಿದ್ದವನು. ತಿಂಗಳಿನಿಂದ ಮಜ್ಜಿಗೆಯಿಲ್ಲದೆ ಅವನಿಗೆ ಹೊಟ್ಟೆಯುರಿ, ಎರಡು ಅರ್ಥದಲ್ಲೂ.

ಆರಿಸುವ ದಿನ ಬಂತು. ಅರಮನೆಯ ಅಂಗಳದಲ್ಲಿ ಗಡಿಗೆಗಳ ಸುತ್ತ ಭರಮಣ್ಣನ ಹನ್ನೆರಡು ಕಾವಲುಗಾರರು ದೊಣ್ಣೆ ಹಿಡಿದು, ಯಾವ ಕೈ ಯಾವ ಗಡಿಗೆಗೆ ಹೋಗುತ್ತದೆ ಎಂದು ಕಣ್ಣು ಬಿಟ್ಟುಕೊಂಡು ನಿಂತಿದ್ದರು. ಕೈಗಳು ಹೆದರಿ ಭರಮಣ್ಣನ ಗಡಿಗೆಗೇ ಹೋದವು. ಮಧ್ಯಾಹ್ನದ ಹೊತ್ತಿಗೆ ಅದು ತುಂಬಿತು. ಭರಮಣ್ಣ ಮೆರವಣಿಗೆಗೆಂದು ಮೀಸೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಹೋದ.

ಆಗ ಬೊಮ್ಮರಸ ಬಂದು ಆ ಗಡಿಗೆಗೆ ಕೈ ಹಾಕಿದ.

"ಏನು ಮಾಡ್ತಿದ್ದೀರಿ ಸ್ವಾಮಿ?" ಎಂದರು ಕಾವಲುಗಾರರು.

"ಕಳ್ಳತನ."

ಹನ್ನೆರಡು ಮಂದಿಯೂ ಬಿದ್ದು ಬಿದ್ದು ನಕ್ಕರು. "ನಮ್ಮೂರಲ್ಲಿ ಕಳ್ಳತನ ಎಲ್ಲಿದೆ ಸ್ವಾಮಿ?"

"ಹಾಗಾದರೆ ಸ್ವಲ್ಪ ಎತ್ತಿ ತಲೆ ಮೇಲಿಡಿ. ಭಾರ ಇದೆ."

ಇಟ್ಟರು. ಸಿಂಬಿ ಸುತ್ತಿ ಕೊಟ್ಟವನೂ ಅವರಲ್ಲೇ ಒಬ್ಬ.

ಸಂಜೆ ಎಣಿಸಲು ರಾಜ ಬಂದ. ಸಂಕವ್ವನ ಗಡಿಗೆಯಲ್ಲಿ ಒಂಬತ್ತು ಬೀಜ. ಭರಮಣ್ಣನ ಬೀಜವಿರಲಿ, ಗಡಿಗೆಯೇ ಇಲ್ಲ. ತಾವೇ ಎತ್ತಿ ಕೊಟ್ಟದ್ದೆಂದು ಹೇಳಲು ಕಾವಲುಗಾರರಿಗೆ ಧೈರ್ಯವಿರಲಿಲ್ಲ.

"ಪ್ರಭು, ನನ್ನ ಗಡಿಗೆ ಕಳ..." ಎಂದ ಭರಮಣ್ಣ, ಉಳಿದದ್ದನ್ನು ನುಂಗಿದ. "ಕಾಣ್ತಿಲ್ಲ."

"ಎಲ್ಲೋ ಇಟ್ಟು ಮರೆತಿರ್ತೀರಿ" ಎಂದ ಬೊಮ್ಮರಸ. "ನೆಲುವಿನ ಮೇಲೆ ನೋಡಿದಿರಾ?"

"ಗಡಿಗೆಯಿಲ್ಲದಿದ್ದರೆ ಒಂಬತ್ತಕ್ಕೇ ಗೆಲುವು. ಸಂಕವ್ವ, ಮುಂದೆ ಬಾ" ಎಂದ ರಾಜ.

ಭರಮಣ್ಣನಿಗೆ ತಡೆಯಲಾಗಲಿಲ್ಲ. "ಕಳವಾಗಿದೆ ಪ್ರಭು. ಹಗಲು ಕಳವು, ನನ್ನ ಹನ್ನೆರಡು ಜನರ ಕಣ್ಣೆದುರಿಗೆ."

"ಹಾಗಾದರೆ ಬರೆಯಿರಿ" ಎಂದು ಬೊಮ್ಮರಸ ಪುಸ್ತಕ ಚಾಚಿದ. ಸಂಚಿಯ ಜೊತೆಗೇ ತಂದಿದ್ದ.

ಭರಮಣ್ಣ ಬರೆದ. ಹನ್ನೆರಡು ವರ್ಷದಲ್ಲಿ ಮೊದಲ ದೂರು, ಅದೂ ಕೊತ್ವಾಲನದೇ. ದೂರು ಬಿದ್ದ ಮೇಲೆ ಕಟ್ಟಳೆ ಕಟ್ಟಳೆಯೇ. ರಾಜನ ಭಟರು ಮನೆಮನೆ ಹೊಕ್ಕರು. ಗಡಿಗೆ ಸಿಕ್ಕಿದ್ದು ಭರಮಣ್ಣನ ಭಾವಮೈದುನನ ಕೊಟ್ಟಿಗೆಯಲ್ಲಿ. ಗಡಿಗೆಯ ಪಕ್ಕದಲ್ಲಿ ಒಂದು ಎಮ್ಮೆ.

ಎಮ್ಮೆ ಅಂಗಳಕ್ಕೆ ಬಂದದ್ದೇ ಸಂಕವ್ವನನ್ನು ಕಂಡು ಹಗ್ಗ ಕಿತ್ತುಕೊಂಡು ಆಕೆಯತ್ತ ಓಡಿತು. ಸಂಕವ್ವ ಅದರ ಕೊರಳು ತಬ್ಬಿ ಅತ್ತುಬಿಟ್ಟಳು. ನಾನಾಗಿದ್ದರೂ ಅಳುತ್ತಿದ್ದೆ.

"ಗಡಿಗೆ ಅಲ್ಲಿಗೆ ಹೇಗೆ ಹೋಯಿತು?" ಎಂದು ರಾಜ ಗದರಿದ.

"ನಾನೇ ಇಟ್ಟೆ ಪ್ರಭು" ಎಂದ ಬೊಮ್ಮರಸ. "ಒಂದು ಆಡನ್ನೂ ಸಾಕಿದವನಲ್ಲ, ಈ ಭಾವಮೈದುನ ತಿಂಗಳಿಂದ ಬೆಣ್ಣೆ ಮಾರುತ್ತಿದ್ದ. ಊರಿನವರು ಇಟ್ಟು ಮರೆತದ್ದೆಲ್ಲ ಅಲ್ಲಿರುವಾಗ, ಕೊತ್ವಾಲರದೂ ಅಲ್ಲೇ ಇರಲಿ ಎಂದುಕೊಂಡೆ."

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಕಾವಲುಗಾರರನ್ನು ದೂರ ಕಳಿಸಿ, ಅಲ್ಲೇ ಮತ್ತೆ ಬೀಜ ಹಾಕಿಸಿದ. ಈ ಸಲ ಸಂಕವ್ವನ ಗಡಿಗೆ ತುಂಬಿ ಚೆಲ್ಲಿತು. ಭರಮಣ್ಣನ ಗಡಿಗೆಯಲ್ಲಿ ಒಂದೇ ಬೀಜ, ಅದು ಅವನದೇ. ಭಾವಮೈದುನ ಕೂಡ ಕೈಕೊಟ್ಟಿದ್ದ.

ರಾಜ ಬೊಮ್ಮರಸನಿಗೆ ಜರತಾರಿ ಶಾಲು ಹೊದಿಸಿದ. ಬೊಮ್ಮರಸ ಅದನ್ನು ಎಮ್ಮೆಗೆ ಹೊದಿಸಿದ.

ಭರಮಣ್ಣ ಜೋಲು ಮೀಸೆ ಹೊತ್ತು ಹೊಸ ಕೊತ್ವಾಲಳ ಮುಂದೆ ನಿಂತ. "ತಾಯಿ, ಹನ್ನೆರಡು ವರ್ಷದ ಪದವಿ, ಒಂದೇ ದಿನದಲ್ಲಿ ಹೋಯ್ತಲ್ಲ."

ಸಂಕವ್ವ ಎಮ್ಮೆಯ ಬೆನ್ನು ಸವರುತ್ತ ಹೇಳಿದಳು: "ಎಲ್ಲೂ ಹೋಗಿರಲ್ಲ ಬುದ್ಧೀ. ಎಲ್ಲೋ ಇಟ್ಟು ಮರೆತಿರ್ತೀರಿ. ಮನೆಗೆ ಹೋಗಿ ಸರಿಯಾಗಿ ಹುಡುಕಿ."