ನಡುವಿನ ಸುಕ್ಕು

ಬೆಣ್ಣೆಹಳ್ಳದ ದಂಡೆಯಲ್ಲಿ, ಬೇವಿನ ಮರದ ಕೆಳಗಿನ ಮಣ್ಣಿನ ಗುಡಿಸಲೇ ಪೂಜ್ಯ ನಿಂಬೆವ್ವ ತಾಯಿಯವರ ಮಠ. ಅಲ್ಲಿ ಗದ್ದುಗೆಯಿಲ್ಲ, ಪಲ್ಲಕ್ಕಿಯಿಲ್ಲ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದೇ ತಾಯಿಯವರ ನಿತ್ಯಪೂಜೆ. ಬಂದ ಭಕ್ತರಿಗೆ ಉಪದೇಶ ಸಿಕ್ಕರೆ ಸಿಕ್ಕಿತು, ಸೂಜಿ ದಾರ ಮಾತ್ರ ತಪ್ಪುತ್ತಿರಲಿಲ್ಲ.

ಒಂದು ಮುಂಜಾನೆ ಫಕೀರವ್ವ ಬಂದಳು. ಬಾಯಿ ಜೋರಿನ ಹೆಣ್ಣುಮಗಳು. ಅವಳ ದನಿ ಕೇಳಿದರೆ ಊರ ದನಗಳೂ ದಾರಿ ಬಿಡುತ್ತಿದ್ದವಂತೆ. ಅವಳ ಸೊಸೆ ಇಂದ್ರವ್ವ ತವರಿನಲ್ಲಿ ಗಂಡು ಹೆತ್ತಿದ್ದಳು. ತೊಟ್ಟಿಲಿಗೆ ಹಾಸುವ ಕೌದಿಯಲ್ಲಿ ಎರಡೂ ಮನೆಯ ಹಿರಿಯರ ಹಳೆಯ ಬಟ್ಟೆ ಇರಬೇಕೆಂಬುದು ಅವರ ರೂಢಿ. ಹಾಗೆಂದೇ ತೀರಿಹೋದ ಗಂಡನ ಧೋತರವನ್ನೂ ಬೀಗಿತಿ ಕಳಿಸಿದ್ದ ಸೀರೆಯನ್ನೂ ತಂದಿದ್ದಳು.

"ಕೌದಿ ಹರಸಿ ಕೊಡ್ರಿ ಯವ್ವಾ, ಕೂಸಿಗೆ ಕಳಸತೀನಿ. ಆದ್ರ ಆ ಸೊಸೀನ್ನ ಮಾತ್ರ ಇನ್ನ ನಮ್ಮ ಹೊಸ್ತಿಲಾ ತುಳಿಯಾಕ ಬಿಡೂದಿಲ್ಲ. ಎದಿ ನೋಯತೈತಿ ಅಂದ ಮಾವಗ ದವಾಖಾನಿ ತೋರಸೂದ ಬಿಟ್ಟ ಮಜ್ಜಿಗಿ ಕುಡಿಸಿ ಕೊಂದಾಕಿ ಆಕಿ."

"ಕುಂದ್ರವ್ವಾ. ಮೊದಲ ಹೊಲಿ," ಎಂದರು ತಾಯಿಯವರು.

ಕೌದಿಯ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುತ್ತದೆ. ಬಲ್ಲವರು ಸುತ್ತಿಗೊಮ್ಮೆ ಕೈಯಾಡಿಸಿ ಬಟ್ಟೆಯ ಸುಕ್ಕು ಬಿಡಿಸಿಕೊಳ್ಳುತ್ತಾರೆ. ಫಕೀರವ್ವನಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು? ದಿನವೂ ಬಂದು ಹೊಲಿದಳು, ದಿನವೂ ಸೊಸೆಯನ್ನು ಬೈದಳು. ಸುಕ್ಕು ಸೂಜಿಯ ಮುಂದೆ ಮುಂದೆ ಸರಿಯುತ್ತ ಹೋಗಿ, ಕೊನೆಗೆ ನಟ್ಟನಡುವೆ ಉಬ್ಬಿ ನಿಂತಿತು.

"ಬೀಗರ ಸೀರೀನ ಸರಿ ಇಲ್ಲ," ಎಂದಳು ಫಕೀರವ್ವ.

ತಾಯಿಯವರು ನಕ್ಕರು. "ಸೀರಿ ಏನ ಮಾಡೀತವ್ವಾ? ಅಂಚಿನ್ಯಾಗಿನ ಸುಕ್ಕ ನೀನ ದಬ್ಬಿಕೋತ ಬಂದಿ. ಇನ್ನ ದಬ್ಬಾಕ ಜಾಗಾ ಇಲ್ಲ." ಆಮೇಲೆ ಆ ಧೋತರವನ್ನು ಮೆಲ್ಲಗೆ ಸವರಿ ಕೇಳಿದರು, "ನಿನ್ನ ಗಂಡ ಎದಿ ನೋವು ಅಂದ ದಿನ ನೀ ಎಲ್ಲಿದ್ದಿ?"

ಫಕೀರವ್ವನ ಸೂಜಿ ನಿಂತಿತು. ಅದನ್ನು ಬಟ್ಟೆಗೆ ಚುಚ್ಚಿಟ್ಟು ಹೇಳಿದಳು.

"ಹೊಲದಾಗ ಕಳೆ ತಗಿಯಾಕ ಹೊಂಟಿದ್ದೆ. ಎದಿ ನೋಯತೈತಿ ಅಂದ್ರು. ನನಗ ಸಿಟ್ಟ ಬಂತು. ಕೆಲಸಾ ಅಂದ್ರ ನಿಮಗ ಯಾವತ್ತೂ ನೋವ, ಮಜ್ಜಿಗಿ ಕುಡುದು ಬಿದ್ದಕೋರಿ ಅಂತ ಬೈದು ಹೋದೆ. ಅವರು ಮಜ್ಜಿಗಿ ಕೇಳಿದ್ರು, ಸೊಸಿ ಕೊಟ್ಟಳು." ಆ ಮಾತು ಅವಳ ಬಾಯಿಂದ ಅದೇ ಮೊದಲ ಸಲ ಹೊರಬಿದ್ದಿತ್ತು. ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. "ನನಗೇನ ಶಿಕ್ಷಾ ಹೇಳ್ರಿ ಯವ್ವಾ. ಇದನ್ನೆಲ್ಲಾ ಬಿಚ್ಚಿ ಹಾಕಲೇನ್ರಿ?"

"ಸೊಸಿಗೆ ಕೊಟ್ಟ ಶಿಕ್ಷಾದಾಗ ಅರ್ಧಾ ನೀನ ಉಂಡೀದಿ, ಸಾಕು. ಸಾವು ಬಂದೈತಿ ಅಂತ ನಿನಗೂ ಗೊತ್ತಿರಲಿಲ್ಲ, ನಿನ್ನ ಗಂಡಗೂ ಗೊತ್ತಿರಲಿಲ್ಲ. ಬಿಚ್ಚಬ್ಯಾಡ. ಸುಕ್ಕ ಮಡಚಿ ಮ್ಯಾಲೆ ಹೊಲಿ. ಕೂಸಿನ ಬೆನ್ನಿಗೆ ಅದ ಮೆತ್ತಗಿರತೈತಿ."

ಫಕೀರವ್ವ ಕಣ್ಣೊರೆಸಿಕೊಂಡು ಹೊಲಿದಳು. ಅಂದು ಅವಳು ಒಬ್ಬರನ್ನೂ ಬೈಯಲಿಲ್ಲ, ತನ್ನನ್ನೂ ಬೈದುಕೊಳ್ಳಲಿಲ್ಲ. ಮನೆಗೆ ಹೋಗುವಾಗ ಮೈ ಹಗುರಾಗಿತ್ತೆಂದು ಮುಂದೆ ಅವಳೇ ಹೇಳುತ್ತಿದ್ದಳು.

ತೊಟ್ಟಿಲ ದಿನ ಆಕೆ ಕೌದಿಯನ್ನು ಕಳಿಸಲಿಲ್ಲ, ತಾನೇ ಹೊತ್ತುಕೊಂಡು ಹೋದಳು. ಕೂಡಿದ್ದ ಬೀಗರೆದುರಿಗೇ ಸೊಸೆಯ ಕೈ ಹಿಡಿದು, "ಮಜ್ಜಿಗಿ ಕುಡೀರಿ ಅಂದಾಕಿ ನಾನವ್ವಾ," ಎಂದಳು.

ಇಂದ್ರವ್ವ ತಲೆ ತಗ್ಗಿಸಿದಳು. "ಗೊತ್ತಿತ್ತರಿ ಅತ್ತಿ. ಅಡಗಿ ಮನ್ಯಾಗಿಂದ ಕೇಳಿದ್ದೆ. ಹೇಳಿದ್ರ ನಿಮಗ ತಡಕೊಳ್ಳಾಕ ಆಗೂದಿಲ್ಲ ಅಂತ ಸುಮ್ಮನಿದ್ದೆ."

ಬಾಣಂತನ ಮುಗಿಸಿ ಇಂದ್ರವ್ವ ಗಂಡನ ಮನೆಗೆ ಬಂದಾಗ ಫಕೀರವ್ವ ಬಾಗಿಲಲ್ಲೇ ಕಾದಿದ್ದಳು. ಕೂಸನ್ನು ಕೌದಿಯ ಸಮೇತ ಎದೆಗೆ ತೆಗೆದುಕೊಂಡು, ಹೊಸ್ತಿಲು ಬಿಟ್ಟು ಸರಿದು ನಿಂತು, "ಬಲಗಾಲಿಡವ್ವಾ," ಎಂದಳು. ಅಷ್ಟು ಮೆಲ್ಲಗಿನ ಅವಳ ದನಿಯನ್ನು ಆ ಓಣಿ ಅದುವರೆಗೆ ಕೇಳಿರಲಿಲ್ಲ.