ಮಹಾರಾಜರ ಮೋಡ, ಮದುವೆಯ ಹಪ್ಪಳ

ಒಂದಾನೊಂದು ಊರಿನಲ್ಲಿ ಬೆಟ್ಟಪ್ಪೊಡೆಯ ಅಂತ ರಾಜ. ಊರಿಗೆ ಎರಡು ಬೀದಿ, ಒಂದೂವರೆ ಅರಮನೆ. ಉಳಿದರ್ಧ ಕಟ್ಟೋ ಹೊತ್ತಿಗೆ ರಾಜನಿಗೆ ನಿದ್ದೆ ಬಂದಿತ್ತು.

ಅವನಿಗೊಬ್ಬ ಇಂಗ್ಲಿಷ್ ಸಾಹೇಬ ಎಣ್ಣೆಬಣ್ಣದ ಚಿತ್ರ ಕೊಟ್ಟ. ಗೋಡೆಯಷ್ಟು ದೊಡ್ಡದು. ಅದರಲ್ಲಿ ಇಂಗ್ಲೆಂಡಿನ ಹಳ್ಳಿ. ಹಸಿರು ಗುಡ್ಡ, ಕುರಿಗಳು, ಕೆಸರಲ್ಲಿ ಹೂತ ಹುಲ್ಲುಗಾಡಿ, ಗಾಡಿಯ ಮೇಲೊಬ್ಬ ಗಾಡಿಯವ. ಮೇಲೆಲ್ಲ ಬರೀ ಮೋಡ.

ಅಡುಗೆಯ ಅಚ್ಚಮ್ಮ ನೋಡಿದಳು. "ಅಯ್ಯೋ, ಮೋಡ!" ಅಂತ ಮಾಳಿಗೆಗೆ ಓಡಿ, ಒಣಹಾಕಿದ್ದ ಹಪ್ಪಳವನ್ನೆಲ್ಲ ಒಳಗೆ ತಂದಳು. ಮೋಡ ಕಂಡರೆ ಹಪ್ಪಳ ಒಳಗೆ, ಇದು ಅರಮನೆ ಕಟ್ಟಳೆ. ಮೋಡ ಯಾವ ಊರಿನದಾಗಿರಬೇಕು ಅಂತ ಕಟ್ಟಳೆ ಮಾಡಿದವರು ಹೇಳಿರಲಿಲ್ಲ.

ರಾಜಕುಮಾರಿ ಗುಣಾಂಬೆಯ ಮದುವೆ ಬೇರೆ ಗೊತ್ತಾಗಿತ್ತು. ಗಂಡಿನ ಕಡೆಯವರು ಬಂದು ಕೂತಿದ್ದರು. "ಹಪ್ಪಳ ಕಾಣದೆ ತಾಳಿ ಎತ್ತೋದಿಲ್ಲ" ಅಂದರು.

"ಮಳೆ ಸುರಿದು ಮುಗೀಲಿ, ಆಮೇಲೆ ಒಣಗಿಸೋಣ" ಅಂದ ರಾಜ. ಕಾದರು. ಮೋಡ ಸುರಿಯಲಿಲ್ಲ. ಬೀಸಣಿಗೆಯಲ್ಲಿ ಬೀಸಿದರು. ಮೋಡ ಸರಿಯಲಿಲ್ಲ. ಮಂತ್ರಿ ಛತ್ರಿ ಹಿಡಿದು ಗದರಿದ. ಮೋಡ ಕೇಳಲಿಲ್ಲ. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ಹಸಿ ಹಪ್ಪಳ.

"ಅಪ್ಪಾಜಿ, ಆ ಚಿತ್ರ ತೆಗೆಸಿಬಿಡಿ" ಅಂದಳು ಗುಣಾಂಬೆ.

"ಮೋಡ ಕವಿದರೆ ಆಕಾಶಾನೇ ತೆಗೆಸ್ತಾರೇನಮ್ಮ?" ಅಂದ ರಾಜ.

ಗುಣಾಂಬೆ ಅತ್ತಳು. ಪಾಪ, ಅವಳಿಗೆ ಆ ಗಂಡು ನಿಜಕ್ಕೂ ಇಷ್ಟವಾಗಿದ್ದ. ಅಳುತ್ತಲೇ ಚಿತ್ರದ ಗಾಡಿಯವನನ್ನು ಕೇಳಿದಳು. "ಅಣ್ಣಾ, ನಿಮ್ಮೂರಲ್ಲಿ ಬಿಸಿಲು ಯಾವಾಗ ಬರುತ್ತೆ?"

"ಇದೇ ಅಲ್ವೇ ತಾಯಿ ಬಿಸಿಲು? ಸೆಕೆ ತಡೀಲಾರದೆ ಕೋಟಿನ ಗುಂಡಿ ಬಿಚ್ಚಿದೀನಿ!"

ಚಿತ್ರದವನಿಗೆ ಕನ್ನಡ ಹೇಗೆ ಬಂತು ಅನ್ನಬೇಡಿ. ನಿಮ್ಮನ್ನೂ ಇಂಗ್ಲೆಂಡಿನ ಅರಮನೆ ಗೋಡೆಗೆ ನೇತುಹಾಕಿದರೆ ಇಂಗ್ಲಿಷ್ ಬರುತ್ತೆ.

"ಬಿಸಿಲಾದರೆ ಅಲ್ಲೇ ಒಣಹಾಕಿ!" ಅಂದ ರಾಜ. ಅಚ್ಚಮ್ಮ ಚಿತ್ರದ ಗುಡ್ಡದ ಮೇಲೆ ಹಪ್ಪಳ ಹರವಿದಳು. ಹಪ್ಪಳ ಇನ್ನೂ ನೆನೆಯಿತು. ಒಂದು ಕುರಿ ನೆಕ್ಕಿ ನೋಡಿ ಮುಖ ಸಿಂಡರಿಸಿತು.

ಗಾಡಿಯವ ಅಂದ, "ನಿಮ್ಮೂರ ಬಿಸಿಲು ಒಂದು ಸೇರು ಹುಯ್ಯಿರಿ. ಕೆಸರು ಆರಿದರೆ ಈ ಮೋಡ ನಾನು ಸಾಗಿಸ್ತೀನಿ."

ಅಚ್ಚಮ್ಮ ಮಾಳಿಗೆಯಿಂದ ಒಂದು ಸೇರು ಬಿಸಿಲು ಅಳೆದು ತಂದು, ಮೇಲೊಂದು ಹಿಡಿ ಕೊಸರೂ ಹಾಕಿ ಹುಯ್ದಳು. ಕೆಸರು ಆರಿತು. ಗಾಡಿ ಎದ್ದಿತು. ಗಾಡಿಯವ ಮೋಡವನ್ನೆಲ್ಲ ಹುಲ್ಲಿನ ಮೇಲೆ ಹೇರಿಕೊಂಡು ಚೌಕಟ್ಟು ದಾಟಿ ನೇರ ಮದುವೆ ಮನೆಗೇ ಬಂದ.

ಗುಡ್ಡದ ಮೇಲೆ ಹಪ್ಪಳ ಗರಿಗರಿಯಾಯಿತು. ಕರಿದರು, ಬಡಿಸಿದರು. ಗುಣಾಂಬೆಯ ಕೊರಳಿಗೆ ತಾಳಿಯೂ ಬಿತ್ತು. ಗಾಡಿಯವ ಪಂಕ್ತಿಯಲ್ಲಿ ಕೂತು ಹಪ್ಪಳ ಮುರಿದ. ಪಟ್! ಹುಟ್ಟಿದಾಗಿನಿಂದ ಒಣಗಿದ ವಸ್ತುವಿನ ಸದ್ದೇ ಕೇಳದವನು, ಗಳಗಳ ಅತ್ತ.

ಅವನು ಅತ್ತಿದ್ದು ನೋಡಿ ಗಾಡಿಯಲ್ಲಿದ್ದ ಮೋಡಕ್ಕೂ ಅಳು ಬಂತು. ಧೋ ಅಂತ ಸುರಿಯಿತು. ಗಂಡು, ಹೆಣ್ಣು, ರಾಜ, ಮಂತ್ರಿ ಎಲ್ಲರೂ ಎಲೆ ಎತ್ತಿಕೊಂಡು ಚಿತ್ರದೊಳಗೆ ಓಡಿದರು. ಅಲ್ಲಿ ಚುರುಚುರು ಬಿಸಿಲು. ಮಳೆ ತಪ್ಪಿಸಿಕೊಳ್ಳೋಕೆ ಇಂಗ್ಲೆಂಡಿಗೆ ಹೋದ ದಿಬ್ಬಣ ಅದೊಂದೇ.

ನೀತಿ ಬೇಕೇ? ಪರರ ಮೋಡ ನೋಡಿ ನಮ್ಮ ಹಪ್ಪಳ ಒಳಗಿಡಬಾರದು.

ಕತೆ ಕರಿದಾಯಿತು, ಹಪ್ಪಳ ಮುರಿದಾಯಿತು. ಸದ್ದು ನಿಮಗೆ, ಚೂರು ನನಗೆ.